ಕ್ಯಾಡ್ ಕಲಿಯಲು ಎಲ್ಲಿಗೆ ಹೋಗಬೇಕು?

(ಬೆಳಗಾವಿಯಲ್ಲಿ ಡಿಪ್ಲೊಮಾ ಮತ್ತು ಐಟಿಐ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ನನಗೆ ಕೊಟ್ಟಿರುವ ವಿಷಯ ‘ಕ್ಯಾಡ್ ತರಬೇತಿಗೆ ಸಿಗುವ ಸಂಪನ್ಮೂಲಗಳು’. ಕ್ಯಾಡ್ ಎಂದರೆ ಕಂಪ್ಯೂಟರಿನಲ್ಲಿ ನಕ್ಷೆ, ವಿನ್ಯಾಸ ಮಾಡುವುದು. ಹತ್ತು ಜಾಲತಾಣಗಳ ಹೆಸರು ಹೇಳಿ ವೇದಿಕೆಯಿಂದ ಇಳಿದರೆ ಕೆಲಸ ಮುಗಿಯುತ್ತದೆ. ಆದರೆ ಆ ಪಟ್ಟಿ ನಿಮ್ಮ ಮೊಬೈಲಿನಲ್ಲಿ ಆಗಲೇ ಇದೆ. ಈ ಸಾಲಿನಲ್ಲಿ ಕುಳಿತಿರುವ ನಿಮ್ಮಲ್ಲಿ ಎಷ್ಟು ಜನ ‘ಆಮೇಲೆ ನೋಡುತ್ತೇನೆ’ ಎಂದು ಕ್ಯಾಡ್ ವಿಡಿಯೊಗಳನ್ನು ಉಳಿಸಿಟ್ಟಿದ್ದೀರಿ? ಕೈ ಎತ್ತಿ. ಹೌದು, ಬಹುತೇಕ ಎಲ್ಲರೂ. ಅವುಗಳಲ್ಲಿ ಒಂದನ್ನಾದರೂ ಕೊನೆಯವರೆಗೆ ನೋಡಿ, ಅದರಲ್ಲಿದ್ದ ಯಂತ್ರಭಾಗವನ್ನು ಸ್ವತಃ ಬರೆದವರು? ನಾಲ್ಕು ಕೈ. ನಾನು ಮಾತನಾಡಬೇಕಾದದ್ದು ಈ ಎರಡು ಲೆಕ್ಕಗಳ ನಡುವಿನ ಅಂತರದ ಬಗ್ಗೆ.

ನಾನು ಕೆಲಸಕ್ಕೆ ಸೇರಿದಾಗ ಡ್ರಾಯಿಂಗ್ ಬೋರ್ಡು, ಡ್ರಾಫ್ಟರ್, ಟ್ರೇಸಿಂಗ್ ಪೇಪರು. ಶಾಯಿಯಲ್ಲಿ ಎಳೆದ ಗೆರೆ ತಪ್ಪಿದರೆ ಅರ್ಧ ಬ್ಲೇಡು ಹಿಡಿದು ಕೆರೆಯಬೇಕು. ಹೆಚ್ಚು ಕೆರೆದರೆ ಕಾಗದ ತೂತು, ಇಡೀ ಹಾಳೆ ಮತ್ತೆ ಮೊದಲಿನಿಂದ. ಮುದ್ರಣ ತೆಗೆಯುವ ಕೋಣೆಯಲ್ಲಿ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ಹಳೆಯದನ್ನು ಹೊಗಳಲು ಇದನ್ನೆಲ್ಲ ಹೇಳುತ್ತಿಲ್ಲ, ಆ ಅಮೋನಿಯಾ ಯಾರಿಗೂ ಬೇಡ. ಆದರೆ ಆಗ ಪಾಠ ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಪಾಠ ನಮ್ಮ ಬೆನ್ನ ಹಿಂದೆಯೇ ನಿಂತಿರುತ್ತಿತ್ತು. ಮುಖ್ಯ ನಕ್ಷೆಗಾರರು ಮಾತಿಲ್ಲದೆ ಬಂದು ನಿಂತು, ಕೆಂಪು ಪೆನ್ಸಿಲಿನಿಂದ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಏನು ತಪ್ಪು ಎಂದು ಹೇಳುತ್ತಿರಲಿಲ್ಲ, ಕಂಡುಹಿಡಿಯಬೇಕಾದವನು ನಾನೇ. ನಿಮಗೆ ಇಂದು ವಿಡಿಯೊಗಳಿಗೆ ಬರವಿಲ್ಲ. ಇಲ್ಲದಿರುವುದು ಆ ಕೆಂಪು ಪೆನ್ಸಿಲು.

ತೊಂಬತ್ತರ ದಶಕದಲ್ಲಿ ನಮ್ಮ ಕಚೇರಿಗೆ ಆಟೊಕ್ಯಾಡ್ ಎಂಬ ಕ್ಯಾಡ್ ತಂತ್ರಾಂಶ ಬಂತು. ಒಂದೇ ಕಂಪ್ಯೂಟರು, ಅದಕ್ಕೊಂದು ಹವಾನಿಯಂತ್ರಿತ ಕೋಣೆ. ಗರ್ಭಗುಡಿಗೆ ಹೋದಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ಕಲಿಸುವವರು ಯಾರೂ ಇರಲಿಲ್ಲ. ದಪ್ಪ ಕೈಪಿಡಿ ಇತ್ತು, ಅದು ಮೇಲಧಿಕಾರಿಯ ಬೀರುವಿನಲ್ಲಿ ಬೀಗದೊಳಗೆ. ನಾನು ಕಲಿತದ್ದು ಪರದೆಯ ಅಡಿಯಲ್ಲಿದ್ದ ಆ ಒಂದು ಸಾಲಿನಿಂದ, ಅಂದರೆ ಕಮಾಂಡ್ ಲೈನಿನಿಂದ. ಈಗಲೂ ಅದು ಅಲ್ಲೇ ಇದೆ. ‘ಮೊದಲ ಬಿಂದು ಎಲ್ಲಿ?’, ‘ತ್ರಿಜ್ಯ ಎಷ್ಟು?’ ಎಂದು ಅದು ಪ್ರತಿ ಹೆಜ್ಜೆಗೂ ಕೇಳುತ್ತಿರುತ್ತದೆ. ನಮ್ಮ ಹುಡುಗರು ಮೇಲಿನ ಚಿತ್ರಗಳನ್ನೇ ಒತ್ತುತ್ತಾ ಕುಳಿತು, ‘ಸರ್, ಹ್ಯಾಂಗ್ ಆಗಿದೆ’ ಎನ್ನುತ್ತಾರೆ. ಹ್ಯಾಂಗ್ ಆಗಿರುವುದಿಲ್ಲ. ಅದು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿರುತ್ತದೆ. ನೀವು ಹುಡುಕುತ್ತಿರುವ ಮೊದಲ ಉಚಿತ ಶಿಕ್ಷಕ ಆ ಸಾಲು. ಎರಡನೆಯದು ತಂತ್ರಾಂಶದ ಸಹಾಯವನ್ನು ತೆರೆಯುವ ಎಫ್1 ಕೀಲಿ. ಸಾಲಿಡ್‌ವರ್ಕ್ಸ್‌ನಂತಹ ತಂತ್ರಾಂಶಗಳ ಸಹಾಯ ಪಟ್ಟಿಯಲ್ಲೇ ಹಂತ ಹಂತದ ಪಾಠಗಳಿವೆ, ತಯಾರಿಸಿದವರೇ ಬರೆದವು. ಅವನ್ನು ತೆರೆದು ನೋಡದೆ ಹೊರಗಿನ ಕೋರ್ಸಿಗೆ ಹಣ ಕಟ್ಟಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಿಮ್ಮಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಬೇರೆ: ಯಾವ ತಂತ್ರಾಂಶ ಕಲಿಯಲಿ? ಸ್ವಲ್ಪ ಹಿಂದಕ್ಕೆ ಹೋಗೋಣ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲೆಂಡ್ ಎಂಬ ಸಂಶೋಧಕ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ಮಂಡಿಸಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು, ‘ಈ ಎರಡು ಸಮಾಂತರವಾಗಿರಲಿ’ ಎಂದು ಅದಕ್ಕೆ ಹೇಳಬಹುದಿತ್ತು. ಇಂದು ನೀವು ಸ್ಕೆಚ್ ಮಾಡುವಾಗ ಹಾಕುವ ಕನ್‌ಸ್ಟ್ರೇಂಟ್ ಅದೇ ತಾನೇ? ಆಮೇಲೆ 1977ರಲ್ಲಿ ಫ್ರಾನ್ಸಿನ ವಿಮಾನ ಕಂಪನಿಯೊಂದರೊಳಗೆ ಕ್ಯಾಟಿಯಾ ಎಂಬ ಕ್ಯಾಡ್ ತಂತ್ರಾಂಶದ ಕೆಲಸ ಶುರುವಾಯಿತು. ಆಟೊಕ್ಯಾಡ್ ಬಂದದ್ದು 1982ರ ಡಿಸೆಂಬರಿನಲ್ಲಿ. ಈಗ ಕ್ರಿಯೊ ಎನಿಸಿಕೊಂಡಿರುವ ಪ್ರೊ-ಎಂಜಿನಿಯರ್ 1988ರದು, ಸಾಲಿಡ್‌ವರ್ಕ್ಸ್ 1995ರದು. ಹೆಸರು, ಬಣ್ಣ, ಗುಂಡಿಗಳು ಬದಲಾದವು. ಒಂದು ಸಮತಲ ಹಿಡಿ, ಆಕಾರ ಬರೆ, ಕಟ್ಟುಪಾಡು ಹಾಕು, ಎತ್ತು ಅಥವಾ ತಿರುಗಿಸು, ಕೊರೆ, ಅಂಚು ಸವರು ಎಂಬ ಮೂಲ ಚಲನೆಗಳು ಬದಲಾಗಲಿಲ್ಲ. ಒಂದು ತಂತ್ರಾಂಶದಲ್ಲಿ ಇದು ಮೈಗೂಡಿದವನಿಗೆ ಇನ್ನೊಂದು ಕೆಲವೇ ವಾರಗಳ ಮಾತು.

ಆದ್ದರಿಂದ ಯಾವುದು ಶ್ರೇಷ್ಠ ಎಂದು ಜಗಳವಾಡಬೇಡಿ. ಸೈಕಲ್ ಹತ್ತಿ ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋಗಿ. ನೀವು ಕೆಲಸ ಮಾಡಬೇಕೆಂದಿರುವ ನಾಲ್ಕು ಕಾರ್ಖಾನೆಗಳ ಗೇಟಿನಲ್ಲಿ ‘ಇಲ್ಲಿ ಯಾವುದರಲ್ಲಿ ನಕ್ಷೆ ಮಾಡುತ್ತಾರೆ?’ ಎಂದು ಕೇಳಿ, ಅದನ್ನೇ ಹಿಡಿಯಿರಿ. ಕಟ್ಟಡದ ಕೆಲಸವಾದರೆ ಆಟೊಕ್ಯಾಡ್ ಇಲ್ಲದೆ ನಡೆಯದು. ವಿಮಾನ, ಕಾರಿನ ಕಡೆ ಕ್ಯಾಟಿಯಾ ಅಥವಾ ಎನ್‌ಎಕ್ಸ್ ಕೇಳುತ್ತಾರೆ. ಸಾಧಾರಣ ಯಂತ್ರಭಾಗಗಳ ಕಡೆ ಸಾಲಿಡ್‌ವರ್ಕ್ಸ್, ಕ್ರಿಯೊ. ಎರಡು ಆಯಾಮದ್ದೊಂದು, ಮೂರು ಆಯಾಮದ್ದೊಂದು ಸಾಕು. ಬಸ್ ನಿಲ್ದಾಣದ ಎದುರಿನ ಫಲಕದಲ್ಲಿ ‘ಮೂರು ತಿಂಗಳಲ್ಲಿ ಆರು ತಂತ್ರಾಂಶ’ ಎಂದು ಬರೆದಿರುತ್ತಾರಲ್ಲ, ಅದು ಮೂರು ತಿಂಗಳಲ್ಲಿ ಆರು ಭಾಷೆ ಕಲಿಸಿದಂತೆ. ಆರರಲ್ಲೂ ‘ನಿಮ್ಮ ಹೆಸರೇನು, ಊಟ ಆಯಿತೇ’ ಎಂದು ಕೇಳಲು ಬರುತ್ತದೆ, ಅಷ್ಟೇ.

ಈಗ ದುಡ್ಡಿನ ಮಾತು. ‘ಅಸಲಿ ತಂತ್ರಾಂಶ ಕೊಳ್ಳಲು ಆಗುವುದಿಲ್ಲ, ಅದಕ್ಕೇ ಸ್ನೇಹಿತನ ಪೆನ್‌ಡ್ರೈವಿನಿಂದ ಹಾಕಿಕೊಂಡಿದ್ದೇನೆ’ ಎನ್ನುತ್ತೀರಿ. ಕೊಳ್ಳಲು ಆಗುವುದಿಲ್ಲ, ಒಪ್ಪಿದೆ. ಕದಿಯುವ ಅಗತ್ಯವೂ ಇಲ್ಲ. ಆಟೊಕ್ಯಾಡ್ ತಯಾರಿಸುವ ಆಟೊಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ತನ್ನ ತಂತ್ರಾಂಶಗಳನ್ನು ಒಂದು ವರ್ಷದ ಅವಧಿಗೆ ಉಚಿತವಾಗಿ ಕೊಡುತ್ತದೆ, ಓದುತ್ತಿರುವವರೆಗೆ ನವೀಕರಿಸಿಕೊಳ್ಳಬಹುದು. ಕಾಲೇಜಿನಲ್ಲಿ ಓದುತ್ತಿರುವುದಕ್ಕೆ ದಾಖಲೆ ತೋರಿಸಬೇಕು, ಅಷ್ಟೇ. ಇನ್ನೊಂದು ಆನ್‌ಶೇಪ್. ಬ್ರೌಸರಿನಲ್ಲೇ ನಡೆಯುತ್ತದೆ, ಮೊಬೈಲಿಗೂ ಇದೆ, ಶಕ್ತಿಶಾಲಿ ಕಂಪ್ಯೂಟರ್ ಬೇಡ. ಉಚಿತ ಖಾತೆಯಲ್ಲಿ ನೀವು ಮಾಡಿದ್ದೆಲ್ಲ ಲೋಕಕ್ಕೆ ಕಾಣುತ್ತದೆ ಎಂಬುದು ಅದರ ಷರತ್ತು. ಕಲಿಯುವವನಿಗೆ ಮುಚ್ಚಿಡಲು ಏನಿದೆ? ಆದರೆ ಕಂಪನಿಯ ಭಾಗವನ್ನು ಅದರಲ್ಲಿ ಬರೆಯಬೇಡಿ, ಕೆಲಸ ಹೋಗುತ್ತದೆ.

ನನಗೆ ಪ್ರೀತಿ ಫ್ರೀಕ್ಯಾಡ್ ಮೇಲೆ. 2002ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದ ತಂತ್ರಾಂಶ ಅದು. ಅವಧಿ ಮುಗಿಯುವುದಿಲ್ಲ, ದಾಖಲೆ ಕೇಳುವುದಿಲ್ಲ, ನಿಮ್ಮ ಅಣ್ಣನ ವರ್ಕ್‌ಶಾಪಿನಲ್ಲಿ ದುಡಿಮೆಗೂ ಬಳಸಬಹುದು. ಬಹುಕಾಲ ಅದಕ್ಕೊಂದು ಕಾಯಿಲೆ ಇತ್ತು: ಹಿಂದಿನ ಹಂತವನ್ನು ತುಸು ಬದಲಿಸಿದರೆ ತನ್ನದೇ ಮುಖಗಳ ಹೆಸರನ್ನು ಮರೆತು ಮುಂದಿನ ಹಂತಗಳನ್ನೆಲ್ಲ ಕೆಡಿಸುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಬಹುಮಟ್ಟಿಗೆ ಸರಿಪಡಿಸಿದ್ದಾರೆ, ಅಸೆಂಬ್ಲಿ ವಿಭಾಗವನ್ನೂ ಸೇರಿಸಿದ್ದಾರೆ. ಈ ವಿವರ ಹೇಳುವುದಕ್ಕೆ ಕಾರಣವಿದೆ. ಫ್ರೀಕ್ಯಾಡ್ ಕಲಿಯಲು ಎಂಟು ವರ್ಷದ ಹಿಂದಿನ ವಿಡಿಯೊ ಹಿಡಿದರೆ ಅದರಲ್ಲಿರುವ ಗುಂಡಿ ನಿಮ್ಮ ಪರದೆಯಲ್ಲಿ ಇರುವುದಿಲ್ಲ. ನಿಮಗೆ ಬುದ್ಧಿ ಸಾಲದು ಎಂದುಕೊಂಡು ಬಿಟ್ಟುಬಿಡುತ್ತೀರಿ. ಯಾವ ಪಾಠ ತೆರೆದರೂ ಮೊದಲು ಅದು ಯಾವ ಆವೃತ್ತಿಯದು, ಯಾವ ವರ್ಷದ್ದು ಎಂದು ನೋಡಿ. ಔಷಧಿಯ ಪಟ್ಟಿಯ ಹಿಂಬದಿ ನೋಡುವುದಿಲ್ಲವೇ, ಹಾಗೆ.

ಪೆನ್‌ಡ್ರೈವಿನ ಮಾತು ಬಂತೆಂದು ಒಂದು ಹಳೆಯ ಕತೆ. ಒಂದು ಕಾಲದಲ್ಲಿ ಆಟೊಕ್ಯಾಡಿನ ವಿದ್ಯಾರ್ಥಿ ಆವೃತ್ತಿಯಲ್ಲಿ ಬರೆದ ನಕ್ಷೆಯನ್ನು ಮುದ್ರಿಸಿದರೆ ಹಾಳೆಯ ಅಂಚಿನಲ್ಲಿ ‘ಇದು ಶೈಕ್ಷಣಿಕ ಆವೃತ್ತಿಯಲ್ಲಿ ತಯಾರಾದದ್ದು’ ಎಂಬ ಮುದ್ರೆ ಬೀಳುತ್ತಿತ್ತು. ಅಲ್ಲಿಂದ ಒಂದು ನಟ್ಟಿನ ಚಿತ್ರವನ್ನು ಕಂಪನಿಯ ನಕ್ಷೆಗೆ ಅಂಟಿಸಿದರೂ ಸಾಕು, ಅದಕ್ಕೂ ಮುದ್ರೆ ಅಂಟಿಕೊಳ್ಳುತ್ತಿತ್ತು. ನಮ್ಮಲ್ಲಿ ತರಬೇತಿಗೆ ಬಂದ ಹುಡುಗನೊಬ್ಬ ಮನೆಯಿಂದ ತಂದ ಒಂದು ಬೋಲ್ಟನ್ನು ಎಲ್ಲರೂ ನಕಲು ಮಾಡಿಕೊಂಡರು. ಗ್ರಾಹಕರಿಗೆ ಕಳಿಸುವ ದಿನ ನೋಡಿದರೆ ಇಡೀ ಕಟ್ಟಿನ ಮೇಲೆ ಆ ಮುದ್ರೆ! ಸಿಡುಬಿನಂತೆ. ರಾತ್ರಿಯೆಲ್ಲ ಕುಳಿತು ಹೊಸದಾಗಿ ಬರೆದೆವು. ಈಗಿನ ಆವೃತ್ತಿಗಳಲ್ಲಿ ಆ ಮುದ್ರೆ ಇಲ್ಲ. ಆ ಹುಡುಗ ಇಂದು ಒಳ್ಳೆಯ ಹುದ್ದೆಯಲ್ಲಿದ್ದಾನೆ, ಸಿಕ್ಕಾಗಲೆಲ್ಲ ‘ಬೋಲ್ಟು ಬೇಕೇ?’ ಎಂದು ಕೇಳುತ್ತೇನೆ.

ಇನ್ನು ಪಾಠಗಳು. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಮೇಲೆ ಸುಮಾರು ಹತ್ತು ನಿಮಿಷದ ಪಾಠಗಳಿವೆ. ಅನೇಕ ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ. ಅಲ್ಲಿಂದ ನಾನು ಕಲಿತದ್ದು ಒಂದು ಪದ್ಧತಿ. ಅವರು ಪರದೆಯನ್ನು ಎರಡು ಮಾಡಿಕೊಳ್ಳಲು ಹೇಳುತ್ತಾರೆ: ಅರ್ಧದಲ್ಲಿ ಪಾಠ, ಅರ್ಧದಲ್ಲಿ ತಂತ್ರಾಂಶ. ಒಂದು ಹೆಜ್ಜೆ ನೋಡು, ನಿಲ್ಲಿಸು, ನೀನು ಮಾಡು. ಇದನ್ನು ಯಾವ ಭಾಷೆಯ, ಯಾವ ವಿಡಿಯೊಗಾದರೂ ಅನ್ವಯಿಸಿ. ಬೇರೆಯವರು ಈಜುವುದನ್ನು ದಡದಲ್ಲಿ ಕುಳಿತು ನೋಡಿ ಈಜು ಕಲಿತವರಿಲ್ಲ. ನಾನು ಇದಕ್ಕೆ ಒಂದು ಹೆಜ್ಜೆ ಸೇರಿಸುತ್ತೇನೆ: ಮರುದಿನ ವಿಡಿಯೊ ತೆರೆಯದೆ ಅದೇ ಭಾಗವನ್ನು ಮಾಡಿ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲಿ ಮಾತ್ರ ಮತ್ತೆ ನೋಡಿ.

ಎನ್‌ಪಿಟಿಇಎಲ್ ಬಗ್ಗೆ ಒಂದು ಎಚ್ಚರಿಕೆ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಒಳ್ಳೆಯ ಉಪನ್ಯಾಸಗಳವು. ಆದರೆ ಅಲ್ಲಿ ‘ಕ್ಯಾಡ್’ ಎಂಬ ಶೀರ್ಷಿಕೆಯ ಕೋರ್ಸಿಗೆ ಹೋದರೆ ಮೌಸು ಹಿಡಿಯುವುದನ್ನು ಕಲಿಸುತ್ತಾರೆ ಎಂದುಕೊಳ್ಳಬೇಡಿ. ಬೆಝಿಯರ್ ವಕ್ರರೇಖೆ, ಮ್ಯಾಟ್ರಿಕ್ಸು, ಸ್ಪ್ಲೈನು, ಅಂದರೆ ತಂತ್ರಾಂಶದ ಹೊಟ್ಟೆಯೊಳಗಿನ ಗಣಿತ ಅಲ್ಲಿರುತ್ತದೆ. ಎಂಜಿನಿಯರಿಂಗಿಗೆ ಹೋಗುವವರು ನೋಡಿ. ಐಟಿಐಯವರಿಗೆ ಚೆನ್ನೈನ ನಿಮಿ ಸಂಸ್ಥೆ ಪ್ರಕಟಿಸುವ ಡ್ರಾಫ್ಟ್ಸ್‌ಮನ್ ಪುಸ್ತಕಗಳಿವೆ, ನಿಮ್ಮ ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿವೆ. ಮೆಷಿನ್ ಡ್ರಾಯಿಂಗಿನ ಹಳೆಯ ಪುಸ್ತಕ ಯಾವುದಾದರೂ ಒಂದಿರಲಿ. ಬೆಂಗಳೂರಿಗೆ ಹೋದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಸಿಗುತ್ತವೆ. ಪ್ಲಮ್ಮರ್ ಬ್ಲಾಕ್, ನಕಲ್ ಜಾಯಿಂಟ್, ಓಲ್ಡ್‌ಹ್ಯಾಮ್ ಕಪ್ಲಿಂಗ್, ಸ್ಕ್ರೂ ಜಾಕ್, ಲೇತಿನ ಟೇಲ್‌ಸ್ಟಾಕ್. ಈ ಐದನ್ನು ಬಿಡಿಬಿಡಿಯಾಗಿ ಬರೆದು ಜೋಡಿಸಿದವನಿಗೆ ಬೇರೆ ಅಭ್ಯಾಸ ಪುಸ್ತಕ ಬೇಡ.

ಜಾಲತಾಣಗಳಲ್ಲಿ ಇತರರು ಮಾಡಿಟ್ಟ ಮಾದರಿಗಳು ಲಕ್ಷಗಟ್ಟಲೆ ಇವೆ, ಗ್ರಾಬ್‌ಕ್ಯಾಡ್ ಅಂಥದ್ದೊಂದು ಭಂಡಾರ. ಅಲ್ಲಿಂದ ಇಳಿಸಿಕೊಂಡು ಪ್ರಾಜೆಕ್ಟ್ ಎಂದು ಒಪ್ಪಿಸುವ ಮಹಾನುಭಾವರೂ ಇದ್ದೀರಿ, ನಿಮ್ಮ ಪ್ರಾಧ್ಯಾಪಕರಿಗೆ ಅದು ಗೊತ್ತಿದೆ. ಆದರೆ ಅದನ್ನು ಪಾಠವಾಗಿಸುವ ದಾರಿಯೂ ಇದೆ. ಎಲ್ಲ ತಂತ್ರಾಂಶಗಳಲ್ಲೂ ತೆರೆಯುವ ಸ್ಟೆಪ್ ಫೈಲ್ ಬೇಡ, ಅದರಲ್ಲಿ ಆಕಾರ ಮಾತ್ರ ಇರುತ್ತದೆ, ಆ ಆಕಾರ ಹುಟ್ಟಿದ ಕತೆ ಇರುವುದಿಲ್ಲ. ಮೂಲ ತಂತ್ರಾಂಶದ ಫೈಲನ್ನೇ ಇಳಿಸಿಕೊಂಡು, ಎಡಬದಿಯಲ್ಲಿ ಹಂತಗಳನ್ನು ತೋರಿಸುವ ಮರದಂತಹ ಪಟ್ಟಿಯ ಕೆಳತುದಿಯ ಅಡ್ಡಗೆರೆಯನ್ನು ಮೇಲಕ್ಕೆಳೆಯುತ್ತಾ ಹೋಗಿ. ಭಾಗ ಒಂದೊಂದೇ ಹಂತ ಕಳಚುತ್ತಾ ಮೊದಲ ಸ್ಕೆಚ್ಚಿಗೆ ಮರಳುತ್ತದೆ. ಮಾಡಿದವನು ಎಲ್ಲಿಂದ ಆರಂಭಿಸಿದ, ರಂಧ್ರವನ್ನು ಯಾವ ಅಂಚಿನಿಂದ ಅಳೆದ, ಎಲ್ಲಿ ಎಡವಟ್ಟು ಮಾಡಿ ತೇಪೆ ಹಾಕಿದ, ಎಲ್ಲವೂ ಕಾಣುತ್ತದೆ. ಒಬ್ಬ ಪರಿಣತನ ತಲೆಯೊಳಗೆ ಇಣುಕಿದಂತೆ.

ಹೊರದೇಶದ ಪಾಠಗಳ ಒಂದು ಗುಂಡಿಯಲ್ಲಿ ನಾನೇ ಬಿದ್ದಿದ್ದೇನೆ. ವಸ್ತುವಿನ ನೋಟಗಳನ್ನು ಹಾಳೆಯ ಮೇಲೆ ಜೋಡಿಸಲು ಭಾರತದಲ್ಲಿ ನಾವು ಬಳಸುವುದು ಪ್ರಥಮ ಕೋನ ಪ್ರಕ್ಷೇಪ. ಮೇಲಿನಿಂದ ಕಂಡ ನೋಟವನ್ನು ಮುಂಬದಿಯ ನೋಟದ ಕೆಳಗೆ ಬರೆಯುತ್ತೇವೆ, ಎಡದಿಂದ ಕಂಡದ್ದನ್ನು ಬಲಕ್ಕೆ. ಅಮೆರಿಕದಲ್ಲಿ ತೃತೀಯ ಕೋನ, ಅಲ್ಲಿ ಎಲ್ಲವೂ ತಿರುಗುಮುರುಗು: ಮೇಲಿನದು ಮೇಲೆ, ಎಡದ್ದು ಎಡಕ್ಕೆ. ಅಮೆರಿಕದ ಪಾಠವೊಂದನ್ನು ಅನುಸರಿಸಿ ಒಂದು ಬ್ರಾಕೆಟ್ಟಿನ ನಕ್ಷೆ ಮಾಡಿದ್ದೆ. ಅದರ ಸೀಳು ಒಂದು ಬದಿಗೆ ಮಾತ್ರ ಇತ್ತು. ಹಾಳೆಯ ಮೂಲೆಯ ಚಿಹ್ನೆ ಮಾತ್ರ ನಮ್ಮ ಕಚೇರಿಯ ಹಳೆಯ ಚೌಕಟ್ಟಿನದು, ಪ್ರಥಮ ಕೋನದ್ದು. ಮಿಲ್ಲಿಂಗ್ ಮಾಡುವವರು ಚಿಹ್ನೆ ನೋಡಿ ಸರಿಯಾಗಿಯೇ ಮಾಡಿದರು. ನಲವತ್ತು ತುಂಡು, ನಲವತ್ತೂ ಕನ್ನಡಿಯೊಳಗಿನ ಪ್ರತಿಬಿಂಬ. ಎಡಗಾಲಿನ ಚಪ್ಪಲಿ ಬೇಕಾದವನಿಗೆ ನಲವತ್ತು ಬಲಗಾಲಿನವು. ಯಾರೂ ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಆದ್ದರಿಂದ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಪ್ರಕಟಿಸಿರುವ ಎಸ್‌ಪಿ 46 ಎಂಬ ಕೈಪಿಡಿಯನ್ನು ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ. ಶಾಲಾ ಕಾಲೇಜುಗಳಿಗಾಗಿಯೇ ಮಾಡಿದ್ದು, 2003ರ ಪರಿಷ್ಕೃತ ರೂಪವಿದೆ. ಗೆರೆಯ ದಪ್ಪ, ಅಳತೆ ಬರೆಯುವ ರೀತಿ, ಪ್ರಕ್ಷೇಪ ಎಲ್ಲವೂ ಅದರಲ್ಲಿದೆ. ಹಾಗೆಯೇ ಅಂಗುಲ. ಆಟೊಕ್ಯಾಡಿನಲ್ಲಿ ಹೊಸ ಹಾಳೆ ತೆರೆಯುವಾಗ ಹೆಸರಿನಲ್ಲಿ ‘ಐಎಸ್‌ಒ’ ಇರುವ ಟೆಂಪ್ಲೇಟ್ ಮಿಲಿಮೀಟರಿನದು, ಇಲ್ಲದ್ದು ಸಾಮಾನ್ಯವಾಗಿ ಅಂಗುಲದ್ದು. ಒಮ್ಮೆ ಎಡವಿದರೆ 25.4 ಪಟ್ಟು ದೊಡ್ಡ ಬೋಲ್ಟು.

ಸಂದರ್ಶನದ ಕತೆಯೊಂದನ್ನು ಹೇಳುತ್ತೇನೆ. ನಾನು ಅಭ್ಯರ್ಥಿಗಳ ಪ್ರಮಾಣಪತ್ರ ಹೆಚ್ಚು ನೋಡುತ್ತಿರಲಿಲ್ಲ. ಕೈಗೆ ಅಳೆಯುವ ಒಂದು ವರ್ನಿಯರ್ ಮತ್ತು ಒಂದು ಸಣ್ಣ ಶಾಫ್ಟ್ ಕೊಟ್ಟು, ‘ಇದರ ನಕ್ಷೆ ಮಾಡಿ’ ಎನ್ನುತ್ತಿದ್ದೆ. ಒಬ್ಬ ಹುಡುಗ, ಜಾಣ, ಮಾದರಿಯನ್ನು ಹತ್ತೇ ನಿಮಿಷದಲ್ಲಿ ಎಬ್ಬಿಸಿದ. ವ್ಯಾಸ ಎಂದು ಬರೆದಿದ್ದ: 24.98 ಮಿಲಿಮೀಟರ್. ಅವನ ಅಳತೆ ಸರಿಯಾಗಿತ್ತು. ಆದರೆ ಲೋಕದಲ್ಲಿ ಯಾವ ವಿನ್ಯಾಸಕನೂ 24.98 ಎಂದು ಯೋಚಿಸಿ ಶಾಫ್ಟ್ ಮಾಡುವುದಿಲ್ಲ. ಅದು 25ರ ಶಾಫ್ಟು. ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂಬ ಮಿತಿಗೆ, ಅಂದರೆ ಟಾಲರೆನ್ಸಿಗೆ, ಸಂಕೇತಗಳಿವೆ: ದೊಡ್ಡ ಅಕ್ಷರದ ಎಚ್7 ಮಿತಿಯ ರಂಧ್ರದೊಳಗೆ ತುಸುವೇ ಸಡಿಲವಾಗಿ ತಿರುಗಲೆಂದು ಶಾಫ್ಟಿಗೆ ಸಣ್ಣ ಅಕ್ಷರದ ಜಿ6 ಕೊಟ್ಟಿದ್ದರು. ಅಂದರೆ ರಂಧ್ರ 25.000ರಿಂದ 25.021ರವರೆಗೆ ಇರಬಹುದು, ಶಾಫ್ಟು 24.980ರಿಂದ 24.993ರವರೆಗೆ. ಹುಡುಗನ ಕೈಯಲ್ಲಿದ್ದದ್ದು ಆ ಮಿತಿಯ ಕೆಳ ಅಂಚಿನ ತುಂಡು. ಅವನು ವಸ್ತುವನ್ನು ಅಳೆದಿದ್ದ, ಉದ್ದೇಶವನ್ನು ಅಳೆದಿರಲಿಲ್ಲ. ‘ಇದನ್ನು ನಿನಗೆ ಯಾರೂ ಹೇಳಲಿಲ್ಲವೇ?’ ಎಂದೆ. ‘ಸರ್, ಕೋರ್ಸಿನಲ್ಲಿ ಟಾಲರೆನ್ಸ್ ಕೊನೆಯ ವಾರ ಇತ್ತು, ಕೊನೆಯ ವಾರ ತರಗತಿಯೇ ಆಗಲಿಲ್ಲ’ ಎಂದ. ಅವನನ್ನು ತೆಗೆದುಕೊಂಡೆವು. ಸತ್ಯ ಹೇಳಿದನಲ್ಲ.

ಹಾಗಾದರೆ ಹಣ ಕೊಟ್ಟು ಕಲಿಯುವುದೇ ಬೇಡವೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಬೇಡ ಎನ್ನುವುದಿಲ್ಲ. ಸರ್ಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ, ನಮ್ಮ ಊರಿನಲ್ಲೇ ಇದೆ. ಅಲ್ಲಿ ಕಂಪ್ಯೂಟರಿನ ಪಕ್ಕದಲ್ಲೇ ಯಂತ್ರಗಳಿರುತ್ತವೆ, ನೀವು ಬರೆದದ್ದನ್ನು ಕತ್ತರಿಸುವ ಸದ್ದು ಕೇಳುತ್ತದೆ. ಖಾಸಗಿ ಸಂಸ್ಥೆಗೆ ಹೋಗುವುದಾದರೆ ಶುಲ್ಕ ಕಟ್ಟುವ ಮೊದಲು ಹಿಂದಿನ ತಂಡದವರು ಮಾಡಿದ ನಕ್ಷೆಯ ಹಾಳೆಗಳನ್ನು ತೋರಿಸಿ ಎಂದು ಕೇಳಿ. ಬಣ್ಣಬಣ್ಣದ ಮೂರು ಆಯಾಮದ ಚಿತ್ರಗಳನ್ನಲ್ಲ, ಅಳತೆ ಬರೆದ ಹಾಳೆಗಳನ್ನು. ಆ ಹಾಳೆಗಳ ಮೇಲೆ ಯಾರಾದರೂ ತಿದ್ದಿದ ಗುರುತು ಇದೆಯೇ ನೋಡಿ. ಕಲಿಸುವವರು ಎಂದಾದರೂ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಾರೆಯೇ, ತರಗತಿ ಮುಗಿದ ಮೇಲೂ ಕಂಪ್ಯೂಟರಿನ ಮುಂದೆ ಕೂರಲು ಬಿಡುತ್ತಾರೆಯೇ ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ. ಎರಡು ಆಯಾಮದ ಆಟೊಕ್ಯಾಡ್‌ಗಾಗಿ ಮಾತ್ರ ಯಾರಿಗೂ ದೊಡ್ಡ ಮೊತ್ತ ಕೊಡಬೇಡಿ.

ಕೊನೆಯದಾಗಿ ನನ್ನ ಅತ್ಯುತ್ತಮ ಕ್ಯಾಡ್ ಗುರುವಿನ ಬಗ್ಗೆ. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳಿಗೆ ಮರದ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡುತ್ತಿದ್ದ ಮೇಸ್ತ್ರಿ. ಒಂದು ಪಂಪಿನ ಕವಚವನ್ನು ಮೂರು ಆಯಾಮದಲ್ಲಿ ಮಾಡಿ, ತಿರುಗಿಸಿ ತಿರುಗಿಸಿ ನೋಡಿ ಖುಷಿಪಟ್ಟು, ಅದರ ಮುದ್ರಿತ ಹಾಳೆ ಹಿಡಿದು ಅವರ ಬಳಿ ಹೋದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಸಾಹೇಬರೇ, ಚೆನ್ನಾಗಿದೆ. ಇದನ್ನು ಮರಳಿನಿಂದ ಹೊರಗೆ ತೆಗೆಯುವುದು ಹೇಗೆ?’ ಎಂದರು. ನನ್ನ ಗೋಡೆಗಳೆಲ್ಲ ನೆಟ್ಟಗೆ ನಿಂತಿದ್ದವು. ಸ್ವಲ್ಪ ಓರೆ ಇಲ್ಲದಿದ್ದರೆ ಪ್ಯಾಟರ್ನ್ ಎತ್ತುವಾಗ ಮರಳು ಕುಸಿಯುತ್ತದೆ. ‘ಬೀಡು ಕಬ್ಬಿಣ ತಣಿದಾಗ ಕುಗ್ಗುತ್ತದೆ, ಮೀಟರಿಗೆ ಸುಮಾರು ಹತ್ತು ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು, ಅದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದರು. ‘ಈ ಮೂಲೆಯ ದಪ್ಪ ಮಾತ್ರ ನಿಮ್ಮದೇ ತಪ್ಪು, ಇಲ್ಲಿ ಟೊಳ್ಳು ಬೀಳುತ್ತದೆ.’ ಅವರು ಮರಗೆಲಸದ ಪೆನ್ಸಿಲಿನಿಂದ ಆ ಮೂಲೆಗೊಂದು ಸುತ್ತು ಹಾಕಿದರು. ಇಪ್ಪತ್ತು ನಿಮಿಷ, ಒಂದು ಕಪ್ ಚಹಾ. ತಂತ್ರಾಂಶದಲ್ಲಿ ಆ ಓರೆ ಕೊಡುವ ಡ್ರಾಫ್ಟ್ ಎಂಬ ಆಜ್ಞೆ ಎಲ್ಲಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಅದು ಏಕಿದೆ ಎಂದು ಗೊತ್ತಾದದ್ದು ಅಂದು.

ನಿಮ್ಮ ಕಾಲೇಜಿನಿಂದ ಅಂತಹ ಮೇಸ್ತ್ರಿಗಳು, ಟರ್ನರುಗಳು, ಫಿಟ್ಟರುಗಳು ಎಷ್ಟು ದೂರದಲ್ಲಿದ್ದಾರೆ? ಬಸ್ಸಿನಲ್ಲಿ ಅರ್ಧ ಗಂಟೆ ಇರಬಹುದು. ಊಟದ ವಿರಾಮದಲ್ಲಿ ಹೋಗಿ, ಕೆಲಸದ ನಡುವೆ ಬೇಡ. ನಿಮ್ಮ ಹಾಳೆ ತೋರಿಸಿ, ‘ಇದನ್ನು ಮಾಡಲು ಬರುತ್ತದೆಯೇ?’ ಎಂದಷ್ಟೇ ಕೇಳಿ, ಆಮೇಲೆ ಸುಮ್ಮನಿರಿ. ಅವರು ಮಾತನಾಡುತ್ತಾರೆ.

ಅಲ್ಲಿ ಮೇಜಿನ ಮೇಲೆ ಎರಡು ಡಬ್ಬಿಗಳಿವೆ. ಹಳೆಯ ಬುಷ್, ಪುಲ್ಲಿ, ಬ್ರಾಕೆಟ್, ಒಂದು ನೀರಿನ ನಲ್ಲಿ, ಸೈಕಲ್ಲಿನ ಪೆಡಲು, ಹೀಗೆ ಅರವತ್ತು ಚಿಲ್ಲರೆ ತುಂಡುಗಳು. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಳ್ಳಿ. ನಿಮಗೆ ಸಿಕ್ಕ ತಂತ್ರಾಂಶದಲ್ಲಿ ನಕ್ಷೆ ಮಾಡಿ, ಪ್ರಥಮ ಕೋನದಲ್ಲಿ, ಮಿಲಿಮೀಟರಿನಲ್ಲಿ, ಮುಂದಿನ ಶನಿವಾರ ಕಾಗದದ ಮೇಲೆ ಮುದ್ರಿಸಿ ತನ್ನಿ. ಕೆಂಪು ಪೆನ್ಸಿಲು ನಾನು ತರುತ್ತೇನೆ. ವರ್ನಿಯರುಗಳು ಮೂರೇ ಇವೆ, ಮೂರೂ ನನ್ನವು. ಅಳೆದ ಮೇಲೆ ಮುಚ್ಚಿ, ಒರೆಸಿ, ಪೆಟ್ಟಿಗೆಯಲ್ಲೇ ಇಡಿ.